ದೊಡ್ಡ ಅವಿಭಾಜ್ಯ ಸಂಖ್ಯೆ: ಗಾತ್ರವೊಂದೇ ಗುಣವೆ?

ತುಮಕೂರು ನಗರದ ಪಿನ್ ಕೋಡ್ 572101. ಗುಬ್ಬಿಯದು 572216, ಕುಣಿಗಲ್‌ನದು 572130. ಈ ಮೂರರಲ್ಲಿ ಅವಿಭಾಜ್ಯ ಸಂಖ್ಯೆ ಯಾವುದಾದರೂ ಇದೆಯೆ? ಈ ಪ್ರಶ್ನೆಯನ್ನು ಎಂಟನೆಯ ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ. ಗುಬ್ಬಿ ಮತ್ತು ಕುಣಿಗಲ್ ತಕ್ಷಣ ಹೊರಬೀಳುತ್ತವೆ; ಒಂದರ ಕೊನೆಯ ಅಂಕಿ 6, ಇನ್ನೊಂದರದು ಸೊನ್ನೆ. ಉಳಿಯುವುದು ತುಮಕೂರು. ಅದು ಬೆಸ ಸಂಖ್ಯೆ. ಅಂಕಿಗಳ ಮೊತ್ತ 16, ಆದ್ದರಿಂದ 3ರಿಂದ ಭಾಗವಾಗದು. ಕೊನೆಯಲ್ಲಿ 5 ಇಲ್ಲ. 7ರಿಂದ ಭಾಗಿಸಿದರೆ ಶೇಷ 5, 11ರಿಂದ ಭಾಗಿಸಿದರೆ 2, 13ರಿಂದ ಭಾಗಿಸಿದರೆ 10. ಇಷ್ಟರಲ್ಲಿ ಹಲವು ಮಕ್ಕಳು 'ಇದು ಅವಿಭಾಜ್ಯ' ಎಂದು ಕೈ ಎತ್ತಿರುತ್ತಾರೆ. ಆದರೆ ಮುಂದಿನ ಭಾಜಕ 17. ಭಾಗಿಸಿ: 572101 = 17 × 33653. ಇನ್ನೂ ಮುಂದುವರಿದರೆ 17 × 73 × 461.

ನೋಡಲು ಅವಿಭಾಜ್ಯದಂತಿರುವುದಕ್ಕೂ ಅವಿಭಾಜ್ಯವೆಂದು ಸಾಧಿತವಾಗುವುದಕ್ಕೂ ಇರುವ ದೂರವನ್ನು ಈ ಪುಟ್ಟ ಲೆಕ್ಕ ತೋರಿಸುತ್ತದೆ. ಆರು ಅಂಕಿಗಳ ಸಂಖ್ಯೆಯಲ್ಲೇ ಹೀಗಾದರೆ, ಕೋಟಿಗಟ್ಟಲೆ ಅಂಕಿಗಳ ಸಂಖ್ಯೆಯ ಬಗ್ಗೆ ಯಾರಾದರೂ 'ಇದು ಅವಿಭಾಜ್ಯ' ಎಂದಾಗ ನಾವು ಮೊದಲು ಕೇಳಬೇಕಾದ್ದು ಅದು ಎಷ್ಟು ದೊಡ್ಡದು ಎಂದಲ್ಲ, ಹೇಗೆ ಗೊತ್ತಾಯಿತು ಎಂದು. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಕುರಿತು ಸುದ್ದಿಗಳಲ್ಲಿ, ಶಾಲಾ ವಸ್ತುಪ್ರದರ್ಶನದ ಫಲಕಗಳಲ್ಲಿ, ರಸಪ್ರಶ್ನೆಯ ಪುಸ್ತಕಗಳಲ್ಲಿ ಬರುವ ಬರವಣಿಗೆಯಲ್ಲಿ ಈ ಪ್ರಶ್ನೆಗೆ ಜಾಗ ಸಿಗುವುದು ಅಪರೂಪ. ಆ ಬರವಣಿಗೆಯನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಸುದ್ದಿಯಲ್ಲಿ ಇದ್ದದ್ದು, ಇಲ್ಲದ್ದು

2024ರ ಅಕ್ಟೋಬರ್ 21ರಂದು ಒಂದು ಹೊಸ ಅವಿಭಾಜ್ಯ ಸಂಖ್ಯೆಯ ಪ್ರಕಟಣೆ ಹೊರಬಿತ್ತು. ಆ ಸಂಖ್ಯೆ 2¹³⁶²⁷⁹⁸⁴¹ − 1. ಅಂದರೆ 2ನ್ನು 13,62,79,841 ಬಾರಿ ಬರೆದು ಗುಣಿಸಿ, ಬಂದ ಗುಣಲಬ್ಧದಿಂದ 1ನ್ನು ಕಳೆದರೆ ಸಿಗುವ ಸಂಖ್ಯೆ. ಅದರಲ್ಲಿ 4,10,24,320 ಅಂಕಿಗಳಿವೆ. ಕಂಡುಹಿಡಿದವರು ಅಮೆರಿಕದ ಲ್ಯೂಕ್ ಡ್ಯುರಾಂಟ್. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ 'ಗಿಂಪ್ಸ್' ಎಂಬ ಸ್ವಯಂಸೇವಕರ ಯೋಜನೆಯಡಿ ಈ ಕೆಲಸ ನಡೆಯಿತು. ಈ ಯೋಜನೆಯಿಂದ ಸಿಕ್ಕ ಹದಿನೆಂಟನೆಯ ಅವಿಭಾಜ್ಯ ಅದು. ಅದಕ್ಕೆ ಮುಂಚಿನ ದಾಖಲೆ 2018ರ ಡಿಸೆಂಬರ್‌ನಲ್ಲಿ ಸಿಕ್ಕ 2⁸²⁵⁸⁹⁹³³ − 1; ಅದರಲ್ಲಿ 2,48,62,048 ಅಂಕಿಗಳು.

ಇಷ್ಟನ್ನು ಸುದ್ದಿಗಳು ಹೇಳಿದವು. ಇದರ ಜೊತೆಗೆ ಗಾತ್ರದ ವರ್ಣನೆ ಬರುವುದು ವಾಡಿಕೆ. ಪುಟಕ್ಕೆ 3000 ಅಂಕಿಗಳಂತೆ ಮುದ್ರಿಸಿದರೆ 13,675 ಪುಟಗಳು ಬೇಕು. ಸೆಕೆಂಡಿಗೆ ಒಂದು ಅಂಕಿಯಂತೆ ನಿದ್ದೆ, ಊಟ ಬಿಟ್ಟು ಓದಿದರೂ ಸುಮಾರು 475 ದಿನ ಹಿಡಿಯುತ್ತದೆ. ಇಂಥ ಹೋಲಿಕೆಗಳು ಬೆರಗು ಹುಟ್ಟಿಸುತ್ತವೆ, ನಿಜ. ಆದರೆ ಇವು ಆ ಸಂಖ್ಯೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಷ್ಟೇ ಅಂಕಿಗಳಿರುವ ಯಾವುದೇ ಸಮ ಸಂಖ್ಯೆಗೂ ಅಷ್ಟೇ ಪುಟ, ಅಷ್ಟೇ ದಿನ ಬೇಕು. ಅಂಥ ಸಂಖ್ಯೆಯನ್ನು ನೀವು ಈಗಲೇ ಬರೆಯಬಹುದು: 1ರ ಮುಂದೆ 4,10,24,319 ಸೊನ್ನೆಗಳು. ಗಾತ್ರ ಅಪರೂಪದ್ದಲ್ಲ, ಅಷ್ಟು ಗಾತ್ರದಲ್ಲಿ ಅವಿಭಾಜ್ಯತೆಯನ್ನು ಸಾಧಿಸಿ ತೋರಿಸುವುದು ಅಪರೂಪ.

ಅಂಕಿ ಬೇರೆ, ಸಂಖ್ಯೆ ಬೇರೆ

ಒಂದು ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆ, ಕೊನೆಯ ಅಂಕಿ ಯಾವುದು, ಅಂಕಿಗಳನ್ನು ಹಿಂದುಮುಂದಾಗಿ ಓದಿದರೆ ಏನಾಗುತ್ತದೆ ಎಂಬುವೆಲ್ಲ ನಾವು ದಶಮಾನ ಪದ್ಧತಿಯಲ್ಲಿ ಬರೆಯುವುದರಿಂದ ಬರುವ ಲಕ್ಷಣಗಳು. ಬರೆಯುವ ಪದ್ಧತಿ ಬದಲಾದರೆ ಇವೂ ಬದಲಾಗುತ್ತವೆ. ಅವಿಭಾಜ್ಯತೆ ಮಾತ್ರ ಬದಲಾಗುವುದಿಲ್ಲ. ಹದಿಮೂರು ಕಲ್ಲುಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಿ ಆಯತ ಮಾಡಲು ಆಗುವುದಿಲ್ಲ, ಒಂದೇ ಸಾಲಿನಲ್ಲಿ ಇಟ್ಟರೆ ಮಾತ್ರ ಸಾಧ್ಯ. ಆ ಕಲ್ಲುಗಳ ಎಣಿಕೆಯನ್ನು 13 ಎಂದು ಬರೆದರೂ, ದ್ವಿಮಾನ ಪದ್ಧತಿಯಲ್ಲಿ 1101 ಎಂದು ಬರೆದರೂ ಅದು ಹಾಗೆಯೇ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದೊಡ್ಡ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ನೋಡಿ. ಅದು ಬರೀ 1ಗಳ ಸಾಲು: 13,62,79,841 ಒಂದುಗಳು, ನಡುವೆ ಒಂದು ಸೊನ್ನೆಯೂ ಇಲ್ಲ. 13 ಸಾವಿರ ಪುಟಗಳಲ್ಲಿ ಅಡ್ಡಾದಿಡ್ಡಿಯಾಗಿ ಕಾಣುವ ಸಂಖ್ಯೆ ಇಲ್ಲಿ ಅತ್ಯಂತ ಸರಳ. ಈ ರೂಪದಿಂದಲೇ ಅದರ ಮುಖ್ಯ ಗುಣಗಳು ಹೊರಡುತ್ತವೆ.

ಮೊದಲನೆಯದು: 1ಗಳ ಎಣಿಕೆ ಸಂಯುಕ್ತ ಸಂಖ್ಯೆಯಾದರೆ ಇಡೀ ಸಂಖ್ಯೆಯೂ ಸಂಯುಕ್ತವೇ. 111111 ಎಂಬಲ್ಲಿ ಆರು ಒಂದುಗಳಿವೆ. ಅದನ್ನು 111, 111 ಎಂದು ಎರಡು ಸಮ ಗುಂಪು ಮಾಡಬಹುದು. ಆದ್ದರಿಂದ 111ರಿಂದ ಅದು ಭಾಗವಾಗುತ್ತದೆ. ದಶಮಾನದಲ್ಲಿ ಹೇಳುವುದಾದರೆ 63 = 7 × 9. ಹೀಗೆ ಗುಂಪು ಮಾಡಲು ಬಾರದಿರಬೇಕಾದರೆ 1ಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. 13,62,79,841 ಅವಿಭಾಜ್ಯ ಸಂಖ್ಯೆಯಾಗಿರುವುದು ಆಕಸ್ಮಿಕವಲ್ಲ, ಅನಿವಾರ್ಯ.

ಎರಡನೆಯದು ಇನ್ನೂ ಸ್ವಾರಸ್ಯಕರ. ಘಾತಸೂಚಿ ಬೆಸ ಅವಿಭಾಜ್ಯವಾಗಿರುವ ಇಂಥ ಸಂಖ್ಯೆಯನ್ನು ಯಾವುದಾದರೂ ಅವಿಭಾಜ್ಯ ಸಂಖ್ಯೆ ಭಾಗಿಸುವುದಾದರೆ, ಆ ಭಾಜಕದಿಂದ 1ನ್ನು ಕಳೆದಾಗ ಉಳಿಯುವುದು ಘಾತಸೂಚಿಯ ಎರಡರಷ್ಟರಿಂದ ಭಾಗವಾಗಬೇಕು. ಫರ್ಮಾನ ಕಿರು ಪ್ರಮೇಯದಿಂದ ಇದು ನೇರವಾಗಿ ಬರುತ್ತದೆ. ಉದಾಹರಣೆಗೆ 2¹¹ − 1 = 2047 = 23 × 89. 23 ಎಂದರೆ 22 + 1, 89 ಎಂದರೆ 4 × 22 + 1. ಈ ನಿಯಮವನ್ನು ದೊಡ್ಡ ಸಂಖ್ಯೆಗೆ ಹಚ್ಚಿ. 13,62,79,841ರ ಎರಡರಷ್ಟಕ್ಕೆ 1 ಕೂಡಿಸಿದರೆ 27,25,59,683. ಅಂದರೆ ಇದಕ್ಕಿಂತ ಚಿಕ್ಕದಾದ ಯಾವ ಅವಿಭಾಜ್ಯವೂ ನಮ್ಮ ಸಂಖ್ಯೆಯನ್ನು ಭಾಗಿಸಲಾರದು. 3, 7, 17 ಎಂದು ತುಮಕೂರಿನ ಪಿನ್ ಕೋಡಿಗೆ ಮಾಡಿದಂತೆ ಇಲ್ಲಿ ಒಂದೊಂದಾಗಿ ಭಾಗಿಸಿ ನೋಡುವುದೇ ಬೇಡ. ಇಪ್ಪತ್ತೇಳು ಕೋಟಿಯವರೆಗಿನ ಎಲ್ಲ ಭಾಜಕಗಳನ್ನೂ ಒಂದು ಪ್ರಮೇಯ ಒಮ್ಮೆಗೇ ತಳ್ಳಿಹಾಕುತ್ತದೆ. ಗಣಿತದ ಬಲ ಎಂದರೆ ಇದು. ಪುಟಗಳ ಎಣಿಕೆಗಿಂತ ಇದನ್ನು ಹೇಳಿದ್ದರೆ ಸುದ್ದಿ ಇನ್ನಷ್ಟು ಬೆರಗಿನದಾಗುತ್ತಿತ್ತು.

ಮೂರನೆಯದು ಪರಿಪೂರ್ಣ ಸಂಖ್ಯೆಗಳೊಡನೆ ಇರುವ ನಂಟು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ ಪರಿಪೂರ್ಣ ಸಂಖ್ಯೆ: 6 = 1 + 2 + 3, 28 = 1 + 2 + 4 + 7 + 14. 6 ಎಂದರೆ 2 × 3, 28 ಎಂದರೆ 4 × 7, ಮುಂದಿನ 496 ಎಂದರೆ 16 × 31. ಇಲ್ಲಿನ 3, 7, 31 ಎಲ್ಲವೂ 1ಗಳ ಸಾಲಿನ ಅವಿಭಾಜ್ಯಗಳೇ. ಇಂಥ ಪ್ರತಿ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆಂದು ಯೂಕ್ಲಿಡ್ ಸಾಧಿಸಿದ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೆಯೇ ಬರಬೇಕೆಂದು ಎರಡು ಸಾವಿರ ವರ್ಷಗಳ ಬಳಿಕ ಆಯ್ಲರ್ ಸಾಧಿಸಿದ. ಆದ್ದರಿಂದ 2024ರಲ್ಲಿ ಸಿಕ್ಕಿದ್ದು ಒಂದು ಸಂಖ್ಯೆಯಲ್ಲ, ಎರಡು. ಜೊತೆಗೆ ಬಂದ ಪರಿಪೂರ್ಣ ಸಂಖ್ಯೆಯಲ್ಲಿ ಸುಮಾರು 8.2 ಕೋಟಿ ಅಂಕಿಗಳಿವೆ. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ.

ಮರ್ಸೆನ್ ಪಟ್ಟಿ ಕಲಿಸುವ ಪಾಠ

2ರ ಘಾತದಿಂದ 1 ಕಳೆದು ಸಿಗುವ ಈ ಸಂಖ್ಯೆಗಳಿಗೆ ಫ್ರಾನ್ಸಿನ ಪಾದ್ರಿ ಮರೇನ್ ಮರ್ಸೆನ್‌ನ ಹೆಸರು. ಫಲಕಗಳಲ್ಲಿ ಪದೇ ಪದೇ ಕಾಣುವ ತಪ್ಪು ವಾಕ್ಯವೊಂದಿದೆ: 'ಘಾತಸೂಚಿ ಅವಿಭಾಜ್ಯವಾದರೆ ಮರ್ಸೆನ್ ಸಂಖ್ಯೆಯೂ ಅವಿಭಾಜ್ಯ.' ಇದು ತಲೆಕೆಳಗಾದ ಮಾತು. ಘಾತಸೂಚಿ ಅವಿಭಾಜ್ಯವಾಗಿರುವುದು ಅಗತ್ಯ, ಆದರೆ ಅಷ್ಟೇ ಸಾಲದು. ಘಾತಸೂಚಿ 2, 3, 5, 7 ಆದಾಗ 3, 7, 31, 127 ಬರುತ್ತವೆ, ನಾಲ್ಕೂ ಅವಿಭಾಜ್ಯ. ನಾಲ್ಕು ಉದಾಹರಣೆ ಕಂಡವರು ಅಲ್ಲಿಗೇ ನಿಲ್ಲುತ್ತಾರೆ. ಐದನೆಯದನ್ನು ನೋಡಿದ್ದರೆ 2047 ಎಚ್ಚರಿಸುತ್ತಿತ್ತು. 257ರವರೆಗೆ 55 ಅವಿಭಾಜ್ಯ ಘಾತಸೂಚಿಗಳಿವೆ. ಅವುಗಳಲ್ಲಿ 12 ಮಾತ್ರ ಮರ್ಸೆನ್ ಅವಿಭಾಜ್ಯಗಳನ್ನು ಕೊಡುತ್ತವೆ.

ಮರ್ಸೆನ್ ಸ್ವತಃ ಈ ವಿಷಯದಲ್ಲಿ ಎಡವಿದ. 1644ರಲ್ಲಿ ಅವನು ಕೊಟ್ಟ ಪಟ್ಟಿಯಲ್ಲಿ ಇದ್ದ ಘಾತಸೂಚಿಗಳು 2, 3, 5, 7, 13, 17, 19, 31, 67, 127 ಮತ್ತು 257. ಇವುಗಳಲ್ಲಿ 67 ಮತ್ತು 257 ಇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದವು. ಪಟ್ಟಿಯನ್ನು ಪೂರ್ತಿ ಸರಿಪಡಿಸಲು ಸುಮಾರು ಮುನ್ನೂರು ವರ್ಷ ಹಿಡಿಯಿತು. 1876ರಲ್ಲಿ ಎಡ್ವರ್ಡ್ ಲ್ಯೂಕಾಸ್ 2⁶⁷ − 1 ಅವಿಭಾಜ್ಯವಲ್ಲ ಎಂದು ತೋರಿಸಿದ. ಆದರೆ ಅದರ ಅಪವರ್ತನಗಳು ಅವನಿಗೆ ಸಿಗಲಿಲ್ಲ. ಅವನ್ನು 1903ರಲ್ಲಿ ಎಫ್. ಎನ್. ಕೋಲ್ ಕೊಟ್ಟ: 193707721 × 761838257287. ಇದನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. ಒಂದು ಸಂಖ್ಯೆ ಅವಿಭಾಜ್ಯವಲ್ಲ ಎಂದು ತಿಳಿಯುವುದೇ ಬೇರೆ, ಅದರ ಅಪವರ್ತನಗಳನ್ನು ತಿಳಿಯುವುದೇ ಬೇರೆ. ಮೊದಲನೆಯದು ಸುಲಭ, ಎರಡನೆಯದು ಬಹಳ ಕಷ್ಟ. ಇಂದಿನ ಗೂಢಲಿಪಿಯ ಒಂದು ಮುಖ್ಯ ಶಾಖೆ ನಿಂತಿರುವುದೇ ಈ ಅಂತರದ ಮೇಲೆ.

ಸಾಧನೆ ಎಲ್ಲಿದೆ?

ಆರು ಅಂಕಿಯ 572101ನ್ನು ಪರೀಕ್ಷಿಸಲು ಅದರ ವರ್ಗಮೂಲದವರೆಗಿನ, ಅಂದರೆ 756ರವರೆಗಿನ ಅವಿಭಾಜ್ಯಗಳು ಸಾಕು. ಅವು 133. ಕೆಟ್ಟ ಸಂದರ್ಭದಲ್ಲೂ 133 ಭಾಗಾಕಾರ. ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯ ವರ್ಗಮೂಲದಲ್ಲೇ ಎರಡು ಕೋಟಿ ಅಂಕಿಗಳಿರುವುದರಿಂದ ಈ ದಾರಿ ಮುಚ್ಚಿದೆ. ಹಾಗಾದರೆ ಗೊತ್ತಾದದ್ದು ಹೇಗೆ? 'ಕಂಪ್ಯೂಟರ್ ಕಂಡುಹಿಡಿಯಿತು' ಎಂಬ ಉತ್ತರ ಉತ್ತರವೇ ಅಲ್ಲ. ಕಂಪ್ಯೂಟರ್ ಏನು ಲೆಕ್ಕ ಮಾಡಿತು ಎಂಬುದು ಪ್ರಶ್ನೆ.

ಲ್ಯೂಕಾಸ್ ರೂಪಿಸಿ, 1930ರ ದಶಕದಲ್ಲಿ ಡಿ. ಎಚ್. ಲೆಹ್ಮರ್ ಸುಧಾರಿಸಿದ ಪರೀಕ್ಷೆಯೊಂದು ಇದೆ. ಪ್ರೌಢಶಾಲೆಯ ವಿದ್ಯಾರ್ಥಿಗೂ ಮಾಡಲು ಬರುವಂಥದ್ದು. 4ರಿಂದ ಆರಂಭಿಸಿ. ಅದನ್ನು ವರ್ಗ ಮಾಡಿ 2 ಕಳೆಯಿರಿ. ಬಂದ ಸಂಖ್ಯೆಯನ್ನು ಪರೀಕ್ಷಿಸಬೇಕಾದ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಇದನ್ನೇ ಮತ್ತೆ ಮತ್ತೆ, ಘಾತಸೂಚಿಗಿಂತ ಎರಡು ಕಡಿಮೆ ಬಾರಿ ಮಾಡಿ. ಘಾತಸೂಚಿ 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿರಬೇಕು, ಅಷ್ಟೆ. ಕೊನೆಯಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ.

127ಕ್ಕೆ ಮಾಡಿ ನೋಡೋಣ. ಘಾತಸೂಚಿ 7, ಆದ್ದರಿಂದ ಐದು ಹೆಜ್ಜೆ. 4ರಿಂದ 14. 14ರ ವರ್ಗದಿಂದ 2 ಕಳೆದರೆ 194, ಶೇಷ 67. ಮುಂದಿನ ಶೇಷ 42. ಅದರ ಮುಂದಿನದು 111. ಕೊನೆಗೆ 111 × 111 − 2 = 12319, ಇದು ಸರಿಯಾಗಿ 127 × 97. ಶೇಷ ಸೊನ್ನೆ. 127 ಅವಿಭಾಜ್ಯ. 2047ಕ್ಕೆ ಇದನ್ನೇ ಒಂಬತ್ತು ಹೆಜ್ಜೆ ಮಾಡಿದರೆ ಕೊನೆಯಲ್ಲಿ ಉಳಿಯುವುದು 1736. ಸೊನ್ನೆ ಬಾರದ ಕಾರಣ ಅದು ಸಂಯುಕ್ತ. ಆದರೆ 23 ಅಥವಾ 89ರ ಸುಳಿವು ಈ ಲೆಕ್ಕದಲ್ಲಿ ಎಲ್ಲೂ ಸಿಗುವುದಿಲ್ಲ. ಲ್ಯೂಕಾಸ್‌ಗೆ 2⁶⁷ − 1ರ ಅಪವರ್ತನಗಳು ಏಕೆ ಸಿಗಲಿಲ್ಲ ಎಂಬುದು ಈಗ ನಿಮಗೆ ಅರ್ಥವಾಗುತ್ತದೆ. ಇದೇ ಲ್ಯೂಕಾಸ್ 1876ರಲ್ಲಿ 39 ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ಕೈಲೆಕ್ಕದಿಂದ ಸಾಧಿಸಿದ. ಆ ದಾಖಲೆ 1951ರವರೆಗೆ, ಎಪ್ಪತ್ತೈದು ವರ್ಷ ಉಳಿಯಿತು.

2024ರ ಸಂಖ್ಯೆಗೆ ಇದೇ ವಿಧಾನವನ್ನು 13 ಕೋಟಿ 62 ಲಕ್ಷಕ್ಕೂ ಹೆಚ್ಚು ಹೆಜ್ಜೆ ನಡೆಸಬೇಕು. ಹೆಜ್ಜೆಹೆಜ್ಜೆಗೂ ಕೋಟಿಗಟ್ಟಲೆ ಅಂಕಿಗಳ ಸಂಖ್ಯೆಯನ್ನು ವರ್ಗ ಮಾಡಬೇಕು. ಆದ್ದರಿಂದ ಗಿಂಪ್ಸ್ ಮೊದಲು ಬೇರೊಂದು ಪರೀಕ್ಷೆ ಮಾಡುತ್ತದೆ. ಅದು ಫರ್ಮಾನ ಪರೀಕ್ಷೆ. ಪಾಸಾದ ಸಂಖ್ಯೆ 'ಸಂಭಾವ್ಯ ಅವಿಭಾಜ್ಯ' ಮಾತ್ರ. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಗ್ರಾಫಿಕ್ಸ್ ಸಂಸ್ಕಾರಕ ಈ ಸಂಖ್ಯೆಯನ್ನು ಸಂಭಾವ್ಯ ಅವಿಭಾಜ್ಯವೆಂದು ವರದಿ ಮಾಡಿತು. ಮರುದಿನ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿದ್ದ ಇನ್ನೊಂದು ಯಂತ್ರ ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯಿಂದ ಅದನ್ನು ದೃಢಪಡಿಸಿತು. ಬಳಿಕ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ತಂತ್ರಾಂಶಗಳಿಂದ ಮತ್ತೆ ಮತ್ತೆ ಪರಿಶೀಲನೆ ನಡೆದ ಮೇಲೆಯೇ ಪ್ರಕಟಣೆ. 11ರ ಸಂಭಾವ್ಯಕ್ಕೂ 12ರ ಸಾಧಿತಕ್ಕೂ ಇರುವ ವ್ಯತ್ಯಾಸವೇ ಈ ಕಥೆಯ ತಿರುಳು. ಇದನ್ನು ಬಿಟ್ಟು ಬರೆದ ಸುದ್ದಿ ತಿರುಳನ್ನೇ ಬಿಟ್ಟಂತೆ.

ಈ ಎಚ್ಚರ ಏಕೆ ಬೇಕೆಂಬುದಕ್ಕೆ ಒಂದು ಉದಾಹರಣೆ. ಫರ್ಮಾನ ಪರೀಕ್ಷೆಯನ್ನು 2ರ ಘಾತಗಳಿಂದ ಮಾಡಿದರೆ 2047 ಸಲೀಸಾಗಿ ಪಾಸಾಗುತ್ತದೆ. ಘಾತಸೂಚಿ ಅವಿಭಾಜ್ಯವಾಗಿರುವ ಎಲ್ಲ ಮರ್ಸೆನ್ ಸಂಖ್ಯೆಗಳೂ ಹಾಗೆಯೇ ಪಾಸಾಗುತ್ತವೆ, ಸಂಯುಕ್ತವಾದರೂ! ಎಲ್ಲರನ್ನೂ ಪಾಸು ಮಾಡುವ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಅದಕ್ಕೇ ಗಿಂಪ್ಸ್ 3ರ ಘಾತಗಳನ್ನು ಬಳಸುತ್ತದೆ.

'ಅತಿ ದೊಡ್ಡ' ಎಂಬ ಮಾತು

'ಪ್ರಪಂಚದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ' ಎಂಬ ಶೀರ್ಷಿಕೆ ಆಗಾಗ ಕಾಣಿಸುತ್ತದೆ. 'ತಿಳಿದಿರುವ' ಎಂಬ ಒಂದು ಪದ ಬಿಟ್ಟುಹೋದರೆ ವಾಕ್ಯ ಸುಳ್ಳಾಗುತ್ತದೆ. ಅವಿಭಾಜ್ಯಗಳಿಗೆ ಕೊನೆಯಿಲ್ಲ. ಇದನ್ನು ಯೂಕ್ಲಿಡ್ ಸಾಧಿಸಿದ ರೀತಿಯನ್ನು ನಾವೆಲ್ಲ ಪಾಠ ಮಾಡುತ್ತೇವೆ. ಅಲ್ಲಿಯೂ ಒಂದು ತಪ್ಪು ನುಸುಳುತ್ತದೆ: 'ಅವಿಭಾಜ್ಯಗಳನ್ನೆಲ್ಲ ಗುಣಿಸಿ 1 ಕೂಡಿಸಿದರೆ ಹೊಸ ಅವಿಭಾಜ್ಯ ಬರುತ್ತದೆ.' 2 + 1 = 3, 2 × 3 + 1 = 7, ಮುಂದೆ 31, 211, 2311. ಐದೂ ಅವಿಭಾಜ್ಯವೇ. ಆರನೆಯದು 30031, ಅದು 59 × 509. ಯೂಕ್ಲಿಡ್ ಹೇಳಿದ್ದು, ಹಾಗೆ ಬರುವ ಸಂಖ್ಯೆಯ ಅವಿಭಾಜ್ಯ ಅಪವರ್ತನ ನಮ್ಮ ಪಟ್ಟಿಯಲ್ಲಿ ಇರಲಾರದು ಎಂದಷ್ಟೆ. 59 ಮತ್ತು 509 ಎರಡೂ 13ರ ಆಚೆಗಿವೆ. ಸಾಧನೆ ಭದ್ರವಾಗಿದೆ, ನಮ್ಮ ವಾಕ್ಯ ಮಾತ್ರ ಸಡಿಲವಾಗಿತ್ತು.

ಇನ್ನೊಂದು ಮಾತು. ಸಂಖ್ಯೆ ದೊಡ್ಡದಾದಂತೆ ಅವಿಭಾಜ್ಯಗಳು ವಿರಳವಾಗುತ್ತವೆ. ತುಮಕೂರಿನ ಪಿನ್ ಕೋಡಿನ ಆಸುಪಾಸಿನಲ್ಲಿ ಸರಾಸರಿ 13 ಸಂಖ್ಯೆಗಳಿಗೆ ಒಂದು ಅವಿಭಾಜ್ಯ. 2024ರ ಸಂಖ್ಯೆಯ ಆಸುಪಾಸಿನಲ್ಲಿ ಸುಮಾರು 9.4 ಕೋಟಿಗೆ ಒಂದು. ಆದರೂ ಅದರ ಹಿಂದೆ, ಅದಕ್ಕೂ 2018ರ ದಾಖಲೆಗೂ ನಡುವೆ, ಎಣಿಸಲಾರದಷ್ಟು ಅವಿಭಾಜ್ಯಗಳಿವೆ. ಅವುಗಳ ಗುರುತು ನಮಗೆ ಸಿಕ್ಕಿಲ್ಲ. ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯಂಥ ಸುಲಭದ ಸಾಧನ ಇರುವುದು ಮರ್ಸೆನ್ ರೂಪಕ್ಕೆ. ದಾಖಲೆಗಳು ಆ ರೂಪದಲ್ಲೇ ಹೆಚ್ಚಾಗಿ ಸಿಗುವುದು ನಾವು ದೀಪವಿರುವ ಕಡೆ ಹುಡುಕುತ್ತಿರುವುದರಿಂದ. ಇದನ್ನು '52ನೆಯ ಮರ್ಸೆನ್ ಅವಿಭಾಜ್ಯ' ಎನ್ನುವಾಗಲೂ ತಿಳಿದಿರುವವುಗಳ ಎಣಿಕೆಯಲ್ಲಿ ಎಂದೇ ಅರ್ಥ. ಮರ್ಸೆನ್ ಅವಿಭಾಜ್ಯಗಳು ಅನಂತವೇ ಎಂಬುದು ಸಾಧಿತವಾಗಿಲ್ಲ. ಘಾತಸೂಚಿ ಅವಿಭಾಜ್ಯವಾಗಿದ್ದೂ ಸಂಯುಕ್ತವಾಗುವ ಮರ್ಸೆನ್ ಸಂಖ್ಯೆಗಳು ಅನಂತವೇ ಎಂಬುದೂ ಸಾಧಿತವಾಗಿಲ್ಲ! ಎರಡರಲ್ಲಿ ಒಂದಾದರೂ ಅನಂತವಾಗಿರಲೇಬೇಕು. ಯಾವುದು ಎಂದು ಹೇಳಲು ಯಾರಿಗೂ ಆಗಿಲ್ಲ.

ಉಪಯೋಗದ ಪ್ರಶ್ನೆ

'ಇಂಥ ದೊಡ್ಡ ಅವಿಭಾಜ್ಯಗಳಿಂದ ಬ್ಯಾಂಕ್ ವ್ಯವಹಾರ ಸುರಕ್ಷಿತವಾಗುತ್ತದೆ' ಎಂಬುದು ಇನ್ನೊಂದು ಸಿದ್ಧ ವಾಕ್ಯ. ಇದು ಅರ್ಧ ಸತ್ಯವೂ ಅಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ರೂಪಿಸಿದ ಗೂಢಲಿಪಿಯಲ್ಲಿ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ ಬಹಿರಂಗ, ಆ ಅವಿಭಾಜ್ಯಗಳು ಮಾತ್ರ ರಹಸ್ಯ. 2048 ಬಿಟ್‌ಗಳ ಕೀಲಿಯಲ್ಲಿ ಗುಣಲಬ್ಧಕ್ಕೆ 617 ಅಂಕಿ, ಒಂದೊಂದು ಅವಿಭಾಜ್ಯಕ್ಕೆ ಮುನ್ನೂರಕ್ಕೆ ತುಸು ಹೆಚ್ಚು. ಜಗತ್ತಿಗೆಲ್ಲ ಡಂಗುರ ಸಾರಿದ ಸಂಖ್ಯೆಯನ್ನು ರಹಸ್ಯವಾಗಿ ಬಳಸಲಾಗದು. ನಾಲ್ಕು ಕೋಟಿ ಅಂಕಿಗಳ ಕೀಲಿ ಯಾವ ಬೀಗಕ್ಕೂ ಹೊಂದುವುದಿಲ್ಲ. ಇಂಥ ಸಂಖ್ಯೆಗಳಿಗೆ ಸದ್ಯ ಪ್ರಾಯೋಗಿಕ ಉಪಯೋಗ ಕಡಿಮೆಯೆಂದು ಗಿಂಪ್ಸ್‌ನ ಪ್ರಕಟಣೆಯೇ ಒಪ್ಪಿಕೊಂಡಿದೆ. ಹುಡುಕಿದವರೇ ಪ್ರಾಮಾಣಿಕವಾಗಿ ಹೇಳಿದ್ದನ್ನು ನಾವು ಉತ್ಪ್ರೇಕ್ಷಿಸುವುದೇಕೆ?

ನಿಜವಾದ ಉಪಯೋಗಗಳು ಇವೆ, ಅವು ಬೇರೆ. 2⁵²¹ − 1 ಎಂಬ ಮರ್ಸೆನ್ ಅವಿಭಾಜ್ಯವನ್ನು ಒಂದು ಪ್ರಮಾಣಿತ ಎಲಿಪ್ಟಿಕ್ ವಕ್ರರೇಖೆಯ ಗೂಢಲಿಪಿಯಲ್ಲಿ ಬಹಿರಂಗವಾಗಿಯೇ ಬಳಸುತ್ತಾರೆ. 1997ರಲ್ಲಿ ಮಾತ್ಸುಮೋಟೊ ಮತ್ತು ನಿಶಿಮುರಾ ರೂಪಿಸಿದ ಯಾದೃಚ್ಛಿಕ ಸಂಖ್ಯಾಜನಕದ ಆವರ್ತ 2¹⁹⁹³⁷ − 1. 1994ರಲ್ಲಿ ಪೆಂಟಿಯಂ ಚಿಪ್ಪಿನ ಭಾಗಾಕಾರದ ದೋಷ ಹೊರಬಿದ್ದದ್ದು ಥಾಮಸ್ ನೈಸ್ಲಿ ಅವರು ಅವಳಿ ಅವಿಭಾಜ್ಯಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತಿದ್ದಾಗ. 2016ರಲ್ಲಿ ಇಂಟೆಲ್ ಒಪ್ಪಿಕೊಂಡ ಇನ್ನೊಂದು ಚಿಪ್ಪಿನ ದೋಷಕ್ಕೆ ಕಾರಣ ತೋರಿಸಿದ್ದು ಗಿಂಪ್ಸ್‌ನ ತಂತ್ರಾಂಶ. ಒಂದು ತಪ್ಪೂ ಇಲ್ಲದೆ ವಾರಗಟ್ಟಲೆ ಲೆಕ್ಕ ಮಾಡಬೇಕಾದ ಕೆಲಸ ಯಂತ್ರದ ಸಣ್ಣ ಹುಳುಕನ್ನೂ ಬಯಲಿಗೆಳೆಯುತ್ತದೆ.

ನಮ್ಮವರ ಕೆಲಸ

2002ರ ಆಗಸ್ಟ್‌ನಲ್ಲಿ ಐಐಟಿ ಕಾನ್‌ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಯಾವುದೇ ಸಂಖ್ಯೆಯ ಅವಿಭಾಜ್ಯತೆಯನ್ನು ಬಹುಪದೀಯ ಕಾಲದಲ್ಲಿ ನಿಶ್ಚಯಿಸಬಲ್ಲ ವಿಧಾನವನ್ನು ಪ್ರಕಟಿಸಿದರು. ಕಯಾಲ್ ಮತ್ತು ಸಕ್ಸೇನಾ ಆ ವರ್ಷವಷ್ಟೇ ಬಿ.ಟೆಕ್. ಮುಗಿಸಿದ್ದರು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರವನ್ನು ಸೇರಿದರು. ಹೆಮ್ಮೆಪಡಬೇಕಾದ ಕೆಲಸ. ಆದರೆ 'ಈ ವಿಧಾನದಿಂದಲೇ ದೊಡ್ಡ ಅವಿಭಾಜ್ಯಗಳನ್ನು ಹುಡುಕುತ್ತಾರೆ' ಎಂದು ಬರೆದರೆ ಅದು ಹೆಮ್ಮೆಯ ಹೆಸರಿನಲ್ಲಿ ಮಾಡಿದ ತಪ್ಪು. ಆ ವಿಧಾನದ ಮಹತ್ವ ಸೈದ್ಧಾಂತಿಕ: ಯಾವ ಊಹೆಯನ್ನೂ ಅವಲಂಬಿಸದೆ, ಅದೃಷ್ಟಕ್ಕೆ ಏನನ್ನೂ ಬಿಡದೆ, ಎಲ್ಲ ಸಂಖ್ಯೆಗಳಿಗೂ ಅದು ಅನ್ವಯಿಸುತ್ತದೆ. ಮರ್ಸೆನ್ ಸಂಖ್ಯೆಗಳಿಗೆ ಲ್ಯೂಕಾಸ್–ಲೆಹ್ಮರ್ ವಿಧಾನವೇ ಬಹಳ ವೇಗವಾದುದು.

ಇನ್ನೊಬ್ಬರ ಹೆಸರು ಕನ್ನಡದ ಇಂಥ ಲೇಖನಗಳಲ್ಲಿ ಬರುವುದೇ ಕಡಿಮೆ. ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಂಖ್ಯಾಸಿದ್ಧಾಂತದ ಕೆಲಸ ಮಾಡಿದರು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಡನೆ ಹಾರ್ಡಿ–ರಾಮಾನುಜನ್ ಜರ್ನಲ್ ಆರಂಭಿಸಿದರು. 2011ರಲ್ಲಿ ತೀರಿಕೊಂಡರು. ಅವರು 1969ರಲ್ಲಿ ಎತ್ತಿಕೊಂಡ ಪ್ರಶ್ನೆ ನಮ್ಮ ವಿಷಯಕ್ಕೆ ಹತ್ತಿರದ್ದು. ಒಂದು ದೊಡ್ಡ ಸಂಖ್ಯೆಯಿಂದ ಹೊರಟು, ಅದರ ವರ್ಗಮೂಲದಷ್ಟು ದೂರ ಮುಂದೆ ಹೋದರೆ ನಡುವೆ ಒಂದು ಅವಿಭಾಜ್ಯ ಸಿಕ್ಕೇ ಸಿಗುತ್ತದೆಯೆ? ಇದು ಇಂದಿಗೂ ಸಾಧಿತವಾಗಿಲ್ಲ. ಅವಿಭಾಜ್ಯ ಸಿಗುವ ಖಾತ್ರಿ ಇಲ್ಲದಿದ್ದರೆ, ಬಹಳ ದೊಡ್ಡ ಅವಿಭಾಜ್ಯ ಅಪವರ್ತನವಿರುವ ಸಂಖ್ಯೆಯಾದರೂ ಅಲ್ಲಿ ಇದೆಯೆ? ಇದೆ ಎಂದು ರಾಮಚಂದ್ರ ಸಾಧಿಸಿದರು. ಆ ಅಪವರ್ತನ ವರ್ಗಮೂಲವನ್ನು ಗಣನೀಯವಾಗಿ ಮೀರುತ್ತದೆಂದು ತೋರಿಸಿದರು. ಇಲ್ಲಿ ದಾಖಲೆಯಿಲ್ಲ, ಕೋಟಿ ಅಂಕಿಗಳಿಲ್ಲ, ಆದ್ದರಿಂದ ಸುದ್ದಿಯೂ ಇಲ್ಲ. ಆದರೆ ಒಂದು ಸಂಖ್ಯೆಯ ಬಗ್ಗೆಯಲ್ಲದೆ ಸಾಕಷ್ಟು ದೊಡ್ಡದಾದ ಎಲ್ಲ ಸಂಖ್ಯೆಗಳ ಬಗ್ಗೆಯೂ ಇದು ಮಾತನಾಡುತ್ತದೆ.

ತರಗತಿಯಲ್ಲಿ

ಉಪಾಧ್ಯಾಯರು ಈ ವಿಷಯವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಇನ್ನೂ ಚೆನ್ನಾಗಿ ಹಿಡಿಯಬಹುದು ಎನ್ನುತ್ತಿದ್ದೇನೆ. ಗುಬ್ಬಿಯಲ್ಲಾಗಲಿ ಕುಣಿಗಲ್‌ನಲ್ಲಾಗಲಿ ಕಂಪ್ಯೂಟರ್ ಇಲ್ಲದ ತರಗತಿಯಲ್ಲೂ ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. 2024ರ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಕಂಡುಹಿಡಿಯಿರಿ. 2ರ ಘಾತಗಳ ಕೊನೆಯ ಎರಡು ಅಂಕಿಗಳನ್ನು ಬರೆಯುತ್ತ ಹೋಗಿ: 2² ಎಂದರೆ 04, ಮುಂದೆ 08, 16, 32, 64, 28 ಹೀಗೆ. 2²² = 4194304; ಮತ್ತೆ 04 ಬಂತು. ಅಂದರೆ 2²ರಿಂದ ಮುಂದೆ ಪ್ರತಿ 20 ಹೆಜ್ಜೆಗೆ ಅದೇ ಅಂಕಿಗಳು ಮರಳುತ್ತವೆ. 13,62,79,841ನ್ನು 20ರಿಂದ ಭಾಗಿಸಿದರೆ ಶೇಷ 1. 21ನ್ನು ಭಾಗಿಸಿದರೂ ಶೇಷ 1. 2²¹ = 2097152, ಕೊನೆಯಲ್ಲಿ 52. 1 ಕಳೆದರೆ 51. ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯ ಬಾಲ ಹತ್ತು ನಿಮಿಷದಲ್ಲಿ ಕೈಗೆ ಸಿಕ್ಕಿತು! ಇದು ದಶಮಾನ ಬರಹದ ಲಕ್ಷಣ ಮಾತ್ರ ಎಂಬುದನ್ನೂ ಆಗಲೇ ಹೇಳಿಬಿಡಿ. ಆಮೇಲೆ 31 ಮತ್ತು 127ಕ್ಕೆ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ಮಾಡಿಸಿ. ಗಟ್ಟಿ ಮಕ್ಕಳಿಗೆ 2047 ಕೊಡಿ.

ಫಲಕ ಬರೆಯುವ ವಿದ್ಯಾರ್ಥಿಗಳಿಗೆ ಒಂದೇ ಸೂಚನೆ ಸಾಕು. ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಸಾಧಿತವೋ, ಸಂಭಾವ್ಯವೋ, ಬರೀ ಊಹೆಯೋ ಎಂದು ಗುರುತು ಹಾಕಿ. ಡ್ಯುರಾಂಟ್ ತಮಗೆ ಬರುವ 3000 ಡಾಲರ್ ಬಹುಮಾನವನ್ನು ತಾವು ಓದಿದ ಪ್ರೌಢಶಾಲೆಯ ಗಣಿತ ವಿಭಾಗಕ್ಕೆ ಕೊಡುವುದಾಗಿ ತಿಳಿಸಿದ್ದರು. ದೊಡ್ಡ ಸಂಖ್ಯೆಯ ಬೇರು ಎಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. 13ರವರೆಗೆ ಭಾಗಿಸಿ ಕೈ ಎತ್ತಿದ ಮಗುವಿಗೆ 'ಇನ್ನೊಂದು ಹೆಜ್ಜೆ ನೋಡು' ಎಂದು ಹೇಳುವ ಉಪಾಧ್ಯಾಯರಿಗೂ ಅದು ಗೊತ್ತು.